ನಾಲ್ಕನೇ ನಂಬರಿನ ಸಂತೋಷ

ಅರ್ಧ ಗಂಟೆ. ಹೆಚ್ಚೆಂದರೆ ಮುಕ್ಕಾಲು. ಶನಿವಾರ ಬೆಳಿಗ್ಗೆ ತಿಂಡಿ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪನ್ನು ಪ್ರತಿಷ್ಠಾಪಿಸಿ, ಹೆಂಡತಿಯೆದುರು ನಾನು ಮಾಡಿದ ಘೋಷಣೆ ಇದು. ಕೆಲಸ ಮುಗಿಸಿ ಮಧ್ಯಾಹ್ನ ಇಬ್ಬರೂ ಹೊರಗೇ ಊಟ ಮಾಡೋಣ ಎಂದೂ ಸೇರಿಸಿದ್ದೆ. ಹೆಂಡತಿ ಅಕ್ಕಿ ತೊಳೆಯಲು ಒಳಗೆ ಹೋದಳು. ಇಪ್ಪತ್ತಾರು ವರ್ಷ ಸಂಸಾರ ಮಾಡಿದವಳಿಗೆ ನನ್ನ ಅರ್ಧ ಗಂಟೆ ಎಷ್ಟು ಉದ್ದ ಎಂದು ಗೊತ್ತು.

ವಿಷಯ ಇಷ್ಟೇ. ವಾಷಿಂಗ್ ಮಷೀನ್ ಮಾಡುವ ಕಂಪನಿಯೊಂದರ ದೂರು ವಿಭಾಗದಲ್ಲಿ ನಾನು ಹನ್ನೊಂದು ವರ್ಷದಿಂದ ಇದ್ದೇನೆ. ಜನ ಮೇಲ್ ಬರೆಯುತ್ತಾರೆ, ನಾನು ಮನೆಯಲ್ಲೇ ಕೂತು ಉತ್ತರಿಸುತ್ತೇನೆ. ಸೇರಿದ ಹೊಸತರಲ್ಲೇ ನಾನೊಂದು ಮಹಾ ಸತ್ಯವನ್ನು ಕಂಡುಕೊಂಡಿದ್ದೆ: ಮನುಷ್ಯರು ಎಷ್ಟೇ ಕೋಟಿ ಇರಲಿ, ಅವರು ಬರೆಯುವ ಪತ್ರಗಳು ಒಂಬತ್ತೇ ಬಗೆ. ಆದ್ದರಿಂದ ಉತ್ತರಗಳೂ ಒಂಬತ್ತೇ ಸಾಕು. ಒಂಬತ್ತನ್ನೂ ಒಂದೇ ಸಲ ಚೆನ್ನಾಗಿ ಬರೆದು, ಕೀಬೋರ್ಡಿನ ಒಂದರಿಂದ ಒಂಬತ್ತರವರೆಗಿನ ನಂಬರುಗಳಿಗೆ ಕಟ್ಟಿಹಾಕಿದೆ. ಕಂಟ್ರೋಲ್ ಜೊತೆಗೆ ನಂಬರ್ ಒತ್ತಿದರೆ ಉತ್ತರ ತಾನೇ ಬರೆದುಕೊಂಡು ತಾನೇ ಹೊರಟುಹೋಗುತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ಹತ್ತೂವರೆಯೊಳಗೆ ಅರವತ್ತು ಜನರ ಕಣ್ಣೀರು ಒರೆಸಿ ಏಳುತ್ತಿದ್ದೆ. ಆ ಒಂಬತ್ತು ಶಾರ್ಟ್‌ಕಟ್‌ಗಳು ನನ್ನ ನವರತ್ನಗಳು.

ಈಗ ಆಫೀಸಿನವರು ಹೊಸ ಮೇಲ್ ಆ್ಯಪ್ ತಂದಿದ್ದಾರೆ. ಹೆಚ್ಚು ಸುಲಭ, ಹೆಚ್ಚು ವೇಗ ಎಂದು ಸುತ್ತೋಲೆ ಬಂತು. ಹೀಗೆ ಬರೆದ ಸುತ್ತೋಲೆ ಬಂದಾಗಲೆಲ್ಲ ನನ್ನ ಆಯುಷ್ಯದಲ್ಲಿ ಒಂದು ವಾರ ಕಡಿಮೆಯಾಗುತ್ತದೆ. ಹಳೆಯ ಆ್ಯಪ್ ಶನಿವಾರ ಸಂಜೆ ಆರಕ್ಕೆ ಬಂದ್. ಅದರಲ್ಲಿರುವ ಹಳೆಯ ಪತ್ರಗಳು ಹೊಸದಕ್ಕೆ ಬಂದು ಸೇರಲು ಹತ್ತು ದಿನ ಬೇಕು. ಶಾರ್ಟ್‌ಕಟ್‌ಗಳು ಮಾತ್ರ ಬರುವುದೇ ಇಲ್ಲ, ಅವನ್ನು ಅವರವರೇ ಮತ್ತೆ ಕಟ್ಟಿಕೊಳ್ಳಬೇಕು.

ಕಟ್ಟಿಕೊಳ್ಳೋಣ, ಅದಕ್ಕೇನು ಎಂದು ಕೂತೆ. ಕೂತ ಮೇಲೆ ಒಂದು ಸಂಗತಿ ತಿಳಿಯಿತು. ಯಾವ ನಂಬರಿಗೆ ಯಾವ ಉತ್ತರ ಎನ್ನುವುದು ನನಗೆ ಗೊತ್ತಿರಲಿಲ್ಲ. ಹಳೆಯ ಆ್ಯಪ್ ಅದರ ಪಟ್ಟಿ ತೋರಿಸುತ್ತಿರಲಿಲ್ಲ, ಒತ್ತಿ ನೋಡೋಣವೆಂದರೆ ಉತ್ತರ ಹೊರಟೇಹೋಗುತ್ತಿತ್ತು. ಹನ್ನೊಂದು ವರ್ಷದಿಂದ ಅದು ನನ್ನ ಬೆರಳಿಗೆ ಗೊತ್ತಿತ್ತು, ನನಗಲ್ಲ. ತಲೆಯನ್ನು ಕೇಳಿದರೆ ತಲೆ ಪಿಳಿಪಿಳಿ ನೋಡಿತು. ಎರಡು ಗಂಟೆ ಕಳೆಯಿತು.

"ಏನ್ರೀ, ಮುಗೀತಾ?" ಹೆಂಡತಿ ಒಳಗಿಂದ ಕೇಳಿದಳು.

"ಮುಗೀತಾ ಬಂತು."

"ಎಷ್ಟಾಯ್ತು?"

"ಹೆಸರಿಟ್ಟಿದ್ದೀನಿ."

"ಯಾವುದಕ್ಕೆ?"

"ಫೋಲ್ಡರಿಗೆ."

ಅವಳು ಕೈ ಒರೆಸಿಕೊಂಡು ಹೊರಗೆ ಬಂದಳು. ನನ್ನ ಹೆಂಡತಿ ಗ್ರಂಥಪಾಲಕಿ. ನಲವತ್ತು ಸಾವಿರ ಪುಸ್ತಕಗಳಲ್ಲಿ ಯಾವುದು ಯಾವ ಕಪಾಟಿನ ಎಷ್ಟನೇ ಹಲಗೆಯಲ್ಲಿದೆ ಎಂದು ಹೇಳಬಲ್ಲವಳು. ಇಂಥವಳಿಗೆ ಒಂಬತ್ತು ಉತ್ತರ ಕಳೆದುಕೊಂಡ ಗಂಡ ಸಿಕ್ಕಿದ್ದಾನೆ. ಕೈಚೀಲದಿಂದ ಒಂಬತ್ತು ಖಾಲಿ ಕಾರ್ಡು ತೆಗೆದಳು, ಪೆನ್ಸಿಲ್ ಚೂಪು ಮಾಡಿದಳು. ಅಟ್ಟದ ಮೇಲಿದ್ದ ಹಳೆಯ ಕೀಬೋರ್ಡು ಇಳಿಸಿ, ಯಾವುದಕ್ಕೂ ಜೋಡಿಸದೆ ನನ್ನ ಮುಂದಿಟ್ಟು, ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಕಣ್ಣು ಮುಚ್ಚಿ. ನಾನು ನಿಮ್ಮ ಹಳೇ ಪತ್ರಗಳನ್ನ ಓದ್ತಾ ಹೋಗ್ತೀನಿ. ನೀವು ಯೋಚನೆ ಮಾಡದೆ ಒತ್ತಿ."

"ಯೋಚನೆ ಮಾಡದೆ ಹೇಗೆ ಒತ್ತೋದು?"

"ಇಷ್ಟು ವರ್ಷ ಹೇಗೆ ಒತ್ತಿದ್ರೋ ಹಾಗೆ."

ಕಣ್ಣು ಮುಚ್ಚಿದೆ. ಅವಳು ಗಂಟಲು ಸರಿಮಾಡಿಕೊಂಡು ಓದಿದಳು: "ಸ್ವಾಮೀ, ನಿಮ್ಮ ಮಷೀನಿನಿಂದ ನೀರು ಸೋರಿ ಅಡುಗೆಮನೆವರೆಗೂ ಬಂದಿದೆ..." ನನ್ನ ಬೆರಳು ತಾನಾಗಿಯೇ ಐದಕ್ಕೆ ಹೋಯಿತು. ಅವಳು ಹಳೆಯ ಆ್ಯಪಿನಲ್ಲಿ ಕಳುಹಿಸಿದ ಪತ್ರಗಳ ಪೆಟ್ಟಿಗೆಯಲ್ಲಿ ಆ ಪತ್ರಕ್ಕೆ ಹೋದ ಉತ್ತರ ಹುಡುಕಿ ಐದನೇ ಕಾರ್ಡಿಗೆ ಇಳಿಸಿಕೊಂಡಳು: 'ತಮ್ಮ ದೂರನ್ನು ದಾಖಲಿಸಿಕೊಳ್ಳಲಾಗಿದೆ. ಮೂರು ಕೆಲಸದ ದಿನಗಳೊಳಗೆ ನಮ್ಮ ಪ್ರತಿನಿಧಿ ತಮ್ಮ ಮನೆಗೆ ಖುದ್ದಾಗಿ ಭೇಟಿ ನೀಡುವರು.' ಮಷೀನ್ ಕುಣಿಯುತ್ತಿದೆ ಎಂದು ಓದಿದಳು, ಬೆರಳು ಆರಕ್ಕೆ ಹೋಯಿತು: 'ದಯವಿಟ್ಟು ಅದರ ವಿಡಿಯೋ ಕಳುಹಿಸಿ.' ಮೇಲಧಿಕಾರಿ ಮೇಡಂ ಬರೆದದ್ದು ಓದಿದಳು, ಏಳು: 'ಗಮನಿಸಿದ್ದೇನೆ. ತಕ್ಷಣ ಕ್ರಮ ಕೈಗೊಳ್ಳುತ್ತೇನೆ.' ಓಬೀರಾಯನ ಕಾಲದ ಮಷೀನ್ ಇಟ್ಟುಕೊಂಡು ಜಗಳಕ್ಕೆ ಬಂದವರಿಗೆ ಎಂಟು: 'ತಮ್ಮ ಮಾದರಿ ಬಹಳ ಹಳೆಯದು. ಬಿಡಿಭಾಗಗಳ ತಯಾರಿಕೆ ನಿಂತುಹೋಗಿದೆ. ವಿಷಾದಿಸುತ್ತೇವೆ.' ಒಂಬತ್ತು, ಹೊಗಳಿ ಬರೆದವರಿಗೆ: 'ತಮ್ಮ ಮೆಚ್ಚುಗೆಯ ಮಾತಿಗೆ ಹೃತ್ಪೂರ್ವಕ ವಂದನೆಗಳು.' ಅದನ್ನು ಒತ್ತಿದ್ದು ವರ್ಷಕ್ಕೆರಡು ಸಲ. ಅದರಲ್ಲೊಂದು ಸಲ ಕೈ ತಪ್ಪಿ.

ಮಧ್ಯಾಹ್ನದ ಹೊತ್ತಿಗೆ ಎಂಟು ಕಾರ್ಡು ತುಂಬಿದವು. ಮಂಡಿ ಮೇಲೆ ಕೈಯಿಟ್ಟು ಎದ್ದೇಳಲು ನೋಡಿದೆ. ಹೆಂಡತಿ ಇನ್ನೊಂದು ಪತ್ರ ತೆರೆದಳು.

"ಪ್ರೀತಿಯ ಮರೀ..."

ಬೆರಳು ನಾಲ್ಕರ ಮೇಲೆ ಬಿದ್ದಿತ್ತು.

"ರೀ, ನಾನಿನ್ನೂ ಹೆಸರಷ್ಟೇ ಓದಿದ್ದು."

ಕಣ್ಣು ತೆರೆಯದಿರುವುದೇ ಒಳ್ಳೆಯದು ಎನ್ನಿಸಿತು. ನನ್ನನ್ನು ಮರಿ ಎಂದು ಕರೆಯುವವಳು ಭೂಮಿಯ ಮೇಲೆ ಒಬ್ಬಳೇ, ನನ್ನ ಅಕ್ಕ. ನನಗೆ ಐವತ್ತೆರಡಾದರೂ ಅವಳಿಗೆ ನಾನು ಮರಿಯೇ. ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರಾಗಿದ್ದು ನಿವೃತ್ತಳಾದವಳು. ಮದುವೆಯಾಗದೆ, ರೈಲಿನಲ್ಲಿ ಎರಡೂವರೆ ಗಂಟೆ ದೂರದ ಊರಿನಲ್ಲಿ ಒಬ್ಬಳೇ ಇದ್ದಾಳೆ. ಜೀವನಪೂರ್ತಿ ಊರವರ ಮಾತು ಜೋಡಿಸಿಕೊಟ್ಟು ಸಾಕಾಗಿದೆ, ಇನ್ನು ಫೋನ್ ಮುಟ್ಟುವುದಿಲ್ಲ ಎಂದು ನಿವೃತ್ತಿಯ ದಿನವೇ ಶಪಥ ಮಾಡಿ, ಪ್ರತಿ ಭಾನುವಾರ ನನಗೆ ಉದ್ದನೆಯ ಮೇಲ್ ಬರೆಯುತ್ತಾಳೆ. ಅದಕ್ಕೆ ನನ್ನ ಉತ್ತರ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ತಪ್ಪದೆ ಹೋಗುತ್ತದೆ.

ಹೆಂಡತಿ ಆ ಉತ್ತರವನ್ನು ಗಟ್ಟಿಯಾಗಿ ಓದಿದಳು. "'ಅಕ್ಕಾ, ನಿನ್ನ ಪತ್ರ ಓದಿ ಮನಸ್ಸಿಗೆ ತುಂಬಾ ಸಂತೋಷವಾಯಿತು. ಹೀಗೇ ಬರೆಯುತ್ತಿರು. ಆರೋಗ್ಯ ನೋಡಿಕೋ. ಕೆಲಸ ಕಡಿಮೆಯಾದ ಮೇಲೆ ವಿವರವಾಗಿ ಬರೆಯುತ್ತೇನೆ.' ಇದು ಹೋದ ವಾರದ್ದು." ಪರದೆ ಸರಿಸಿದಳು. "ಅದರ ಹಿಂದಿನ ವಾರ ಇದೇ. ಅದರ ಹಿಂದಿನದೂ ಇದೇ." ಅವಳು ಸರಿಸುತ್ತಲೇ ಹೋದಳು. ನನಗೆ ಹಸಿವಾಗಿತ್ತು, ಕೇಳುವ ಧೈರ್ಯವಾಗಲಿಲ್ಲ. "ಐನೂರಕ್ಕೂ ಮೇಲಿದೆ ಕಣ್ರೀ."

"ಶುರುವಿನಲ್ಲಿ ಎಲ್ಲ ಓದ್ತಿದ್ದೆ," ಎಂದೆ.

"ಆಮೇಲೆ?"

"ಅರ್ಧ ಓದ್ತಿದ್ದೆ."

"ಆಮೇಲೆ?"

"ಬಂದಿದೆ ಅಂತ ನೋಡ್ತಿದ್ದೆ."

"ಅಕ್ಕ ಹೇಗಿದ್ದಾರೆ ಅಂತ ನಾನು ಪ್ರತಿ ವಾರ ಕೇಳಿದಾಗ ಚೆನ್ನಾಗಿದ್ದಾಳೆ ಅಂತಿದ್ರಲ್ಲ, ಅದು ಎಲ್ಲಿಂದ ಬರ್ತಿತ್ತು?"

"ಪತ್ರ ಬಂದಿದೆ ಅಂದ್ರೆ ಚೆನ್ನಾಗಿದ್ದಾಳೆ ಅಂತ ತಾನೇ."

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ನಾಲ್ಕು ಮಾತು ಕೇಳಿ ಹಗುರಾಗುತ್ತಿದ್ದೆ. ಮೆಲ್ಲಗೆ, "ನಿಮ್ಮನ್ನ ಎತ್ತಿ ಆಡಿಸಿದವರು ಅವರು. ಇದು ಗೊತ್ತಾದ್ರೆ ಅವರ ಮನಸ್ಸಿಗೆ ಏನಾಗಬೇಡ," ಎಂದಳಷ್ಟೇ. ಆ ಮಾತು ನೇರವಾಗಿ ಬಂದು ನಾಟಿತು. ಅಕ್ಕನಿಗೆ ಇದು ಎಂದೆಂದಿಗೂ ತಿಳಿಯಬಾರದು ಎಂದು ಅಲ್ಲೇ ನಿರ್ಧರಿಸಿದೆ.

ಸಂಜೆಯೊಳಗೆ ಒಂಬತ್ತೂ ಹೊಸ ಆ್ಯಪಿನ ಪಟ್ಟಿಗೆ ಏರಿದವು. ಏರಿದ ಮೇಲೆ ಹೆಂಡತಿ ನಾಲ್ಕನೇ ಕಾರ್ಡನ್ನು ಎತ್ತಿ ಹಿಡಿದಳು. "ಇದನ್ನ ಅಳಿಸಿ. ಇನ್ನು ಅಕ್ಕನಿಗೆ ಓದಿ ಬರೀಬೇಕು, ಕೈಯಾರೆ ಬರೀಬೇಕು." ಅವಳ ಕಣ್ಣೆದುರೇ ನಾಲ್ಕನ್ನು ಅಳಿಸಿ ಭೀಷ್ಮಪ್ರತಿಜ್ಞೆ ಮಾಡಿದೆ. ಆರು ಗಂಟೆಗೆ ಹಳೆಯ ಆ್ಯಪ್ ಮುಚ್ಚಿಕೊಂಡಿತು. ಅರ್ಧ ಗಂಟೆಯ ಕೆಲಸ ಒಂಬತ್ತು ಗಂಟೆಯಲ್ಲಿ ಮುಗಿದಿತ್ತು. ಹೊರಗಿನ ಊಟದ ಮಾತನ್ನು ಇಬ್ಬರೂ ಎತ್ತಲಿಲ್ಲ.

ಸೋಮವಾರ ಬೆಳಿಗ್ಗೆ ನಲವತ್ತಮೂರು ಪತ್ರಗಳು ಕಾದಿದ್ದವು. ಕಾಫಿ ಲೋಟ ಎಡಗೈಯಲ್ಲಿ, ಬಲಗೈ ಕೀಬೋರ್ಡಿನ ಮೇಲೆ. ಆಹಾ, ಬೆರಳು ಹೇಗೆ ಓಡಿತು ಅಂತೀರಿ! ಐದು, ಐದು, ಎಂಟು, ಆರು. ಏಳನೆಯದೋ ಎಂಟನೆಯದೋ ಪತ್ರ ಅಕ್ಕನದು. 'ಪ್ರೀತಿಯ ಮರೀ' ಎಂದು ಕಣ್ಣಿಗೆ ಬೀಳುವುದರೊಳಗೆ ಬೆರಳು ನಾಲ್ಕನ್ನು ಒತ್ತಿಯಾಗಿತ್ತು. ಅಯ್ಯೋ ಎಂದುಕೊಂಡೆ. ಆಮೇಲೆ ನೆನಪಾಯಿತು, ನಾಲ್ಕನ್ನು ಅಳಿಸಿದ್ದೇನಲ್ಲ, ಅಲ್ಲಿ ಏನೂ ಇಲ್ಲ, ಇಲ್ಲದ್ದು ಹೋಗುವುದಾದರೂ ಹೇಗೆ? ಸಂಜೆ ನಿಧಾನವಾಗಿ ಕೈಯಾರೆ ಬರೆಯೋಣ ಎಂದುಕೊಂಡು ಉಳಿದ ಪತ್ರಗಳನ್ನು ಮುಗಿಸಿ, ಮೈ ಮುರಿದು ಎದ್ದೆ.

ಹನ್ನೊಂದು ಗಂಟೆಗೆ ಫೋನ್ ಬಂತು. ಮೇಲಧಿಕಾರಿ ಮೇಡಂ.

"ನಿಮ್ಮ ಉತ್ತರ ಬಂತು. ಒಂದು ಸಣ್ಣ ಅನುಮಾನ ಇತ್ತು."

"ಹೇಳಿ ಮೇಡಂ."

"ಮಂಡಿ ನೋವು, ಇವತ್ತು ರಜೆ ಹಾಕ್ತೀನಿ, ಆನ್‌ಲೈನ್ ಸಭೆ ನೀವೇ ನಡೆಸಿ ಅಂತ ಬರೆದಿದ್ದೆ. ನೀವು, ತಮ್ಮ ಮಾದರಿ ಬಹಳ ಹಳೆಯದು, ಬಿಡಿಭಾಗಗಳ ತಯಾರಿಕೆ ನಿಂತುಹೋಗಿದೆ ಅಂದಿದ್ದೀರಿ. ಇದು ಡಾಕ್ಟರ ಅಭಿಪ್ರಾಯಾನೋ, ನಿಮ್ಮದೋ?"

ಆಗ ನೋಡಿದೆ. ಹೊಸ ಆ್ಯಪಿನವರಿಗೆ ನಡುವೆ ಖಾಲಿ ಜಾಗ ಕಂಡರೆ ಆಗುವುದಿಲ್ಲವಂತೆ. ಪಟ್ಟಿಯಲ್ಲಿ ಒಂದನ್ನು ಅಳಿಸಿದರೆ ಹಿಂದಿನವೆಲ್ಲ ಒಂದೊಂದು ಹೆಜ್ಜೆ ಮುಂದೆ ಬರುತ್ತವೆ, ಟಿಕೆಟಿನ ಸಾಲಿನ ಹಾಗೆ. ನಾಲ್ಕು ಹೋದದ್ದೇ ತಡ, ಐದು ನಾಲ್ಕಾಗಿತ್ತು, ಆರು ಐದಾಗಿತ್ತು, ಎಂಟು ಏಳಾಗಿತ್ತು. ನನ್ನ ಬೆರಳಿಗೆ ಇದನ್ನು ಯಾರೂ ಹೇಳಿರಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತವರಿಗೆ ಅದರ ವಿಡಿಯೋ ಕಳುಹಿಸಿ ಎಂದಿದ್ದೆ. ಪಾಪ, ಒಬ್ಬರು ಕಳುಹಿಸಿಯೂ ಇದ್ದರು, ಅದರಲ್ಲಿ ಒಂದು ಜೊತೆ ಚಪ್ಪಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ತೇಲಿಕೊಂಡು ಹೋಗುತ್ತಿತ್ತು. ನಿಮ್ಮ ಕಂಪನಿಗೆ ಬೆಂಕಿ ಬೀಳಲಿ ಎಂದು ಶಪಿಸಿದವರಿಗೆ ತಮ್ಮ ಮೆಚ್ಚುಗೆಯ ಮಾತಿಗೆ ಹೃತ್ಪೂರ್ವಕ ವಂದನೆಗಳು ಹೋಗಿದ್ದವು. ಅವರು ಎರಡನೇ ಸಲ ಬರೆದದ್ದನ್ನು ಇಲ್ಲಿ ಹೇಳುವಂತಿಲ್ಲ.

ಅಕ್ಕನಿಗೆ ಹೋದದ್ದು: 'ತಮ್ಮ ದೂರನ್ನು ದಾಖಲಿಸಿಕೊಳ್ಳಲಾಗಿದೆ. ಮೂರು ಕೆಲಸದ ದಿನಗಳೊಳಗೆ ನಮ್ಮ ಪ್ರತಿನಿಧಿ ತಮ್ಮ ಮನೆಗೆ ಖುದ್ದಾಗಿ ಭೇಟಿ ನೀಡುವರು.'

ಅದಕ್ಕೆ ಅವಳ ಉತ್ತರವೂ ಬಂದಿತ್ತು. "ಕೊನೆಗೂ. ಬುಧವಾರ ಮನೆಯಲ್ಲೇ ಇರುತ್ತೇನೆ. ಪ್ರತಿನಿಧಿ ಊಟಕ್ಕೆ ಬರಲಿ."

ಮೂವತ್ತೊಂದು ಜನಕ್ಕೆ ಕೈಯಾರೆ ಕ್ಷಮಾಪಣೆ ಬರೆಯುವಷ್ಟರಲ್ಲಿ ಹೆಂಡತಿ ಗ್ರಂಥಾಲಯದಿಂದ ಬಂದಳು. ನನ್ನ ಮುಖ ನೋಡಿ ಚೀಲ ಕೆಳಗಿಟ್ಟಳು. ಎಲ್ಲ ಹೇಳಿದೆ. ಹೇಳುವುದಕ್ಕೂ ಶಕ್ತಿಯಿರಲಿಲ್ಲ, ಆದರೂ ಹೇಳಿದೆ.

"ಅಕ್ಕನ ಪತ್ರ ಓದಿದ್ರಾ?"

"ಇನ್ನೂ ಇಲ್ಲ."

"ಓದಿ. ನನ್ನೆದುರಿಗೇ ಓದಿ."

ಓದಿದೆ. "ಹಿಂದಿನ ಬಾಲ್ಕನಿಗೆ ಈಗ ಬಿಸಿಲು ಚೆನ್ನಾಗಿ ಬೀಳುತ್ತಿದೆ. ಬಚ್ಚಲಿನ ನಲ್ಲಿ ಸೋರುತ್ತಿದ್ದದ್ದನ್ನು ಅವರು ಸರಿಮಾಡಿದರು. ಕಿಟಕಿ ಪರದೆಗಳನ್ನೂ ಒಗೆದು ಹಾಕಿದರು. ನಿನ್ನನ್ನು ನೋಡಿ ಎಷ್ಟು ಕಾಲವಾಯಿತು."

"ಅವರು ಅಂದ್ರೆ ಯಾರು?" ಹೆಂಡತಿ ಕೇಳಿದಳು.

"ಪ್ಲಂಬರ್ ಇರಬೇಕು."

"ಪರದೆ ಒಗೆಯೋ ಪ್ಲಂಬರಾ?"

"ಒಳ್ಳೆ ಪ್ಲಂಬರ್ ಇರಬೇಕು."

ಹಿಂದಿನ ಪತ್ರಗಳನ್ನು ನೋಡೋಣವೆಂದರೆ ಅವು ಇನ್ನೂ ಹತ್ತು ದಿನದ ಪ್ರಯಾಣದಲ್ಲಿದ್ದವು. ಏನೋ ಆ್ಯಪಿನ ಗಡಿಬಿಡಿ, ಕ್ಷಮಿಸು ಎಂದು ಎರಡು ಸಾಲು ಬರೆದುಬಿಡಲೇ ಎಂದು ಕೇಳಿದೆ. ಹೆಂಡತಿ ಕನ್ನಡಕ ತೆಗೆದು ನನ್ನನ್ನು ನೋಡಿದಳು.

"ಬರೆದ್ರೆ, ಯಾವ ಉತ್ತರದ ಬದಲು ಇದು ಬಂತು ಅಂತ ಅವರು ಕೇಳ್ತಾರೆ. ಆಗ ಏನು ಹೇಳ್ತೀರಿ? ಹೋಗಿ. ಎದುರು ಕೂತು ನೀವೇ ಬಾಯಿಬಿಟ್ಟು ಹೇಳಿ. ಬೇರೆ ದಾರಿಯಿಂದ ತಿಳಿಯೋದಕ್ಕಿಂತ ಅದು ವಾಸಿ."

"ನೀನೂ ಬಾ."

"ದೂರಿರೋದು ನಿಮ್ಮ ಮೇಲೆ. ಪ್ರತಿನಿಧಿನೂ ನೀವೇ."

ಬುಧವಾರದ ರೈಲಿನಲ್ಲಿ ಸೀಟು ಸಿಗಲಿಲ್ಲ. ಎರಡೂವರೆ ಗಂಟೆ ಕಂಬಿ ಹಿಡಿದು ನಿಂತು, ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ತಿರುವಿಹಾಕಿದೆ. ಹೇಗೆ ಹೇಳಿದರೂ ಅದು ಒಂದೇ ಮಾತಾಗುತ್ತಿತ್ತು: ಅಕ್ಕಾ, ನೀನು ಬರೆದದ್ದನ್ನು ನಾನು ಓದಿಲ್ಲ. ಅಕ್ಕನ ಮನೆ ಎರಡನೇ ಮಹಡಿ. ಮೆಟ್ಟಿಲು ಹತ್ತಿ, ಉಸಿರು ಸರಿಮಾಡಿಕೊಂಡು ಗಂಟೆ ಒತ್ತಿದೆ.

ಬಾಗಿಲು ತೆರೆದವರು ಹೆಗಲ ಮೇಲೆ ಟವೆಲ್ ಹಾಕಿಕೊಂಡಿದ್ದ, ಅರವತ್ತೈದರ ಆಸುಪಾಸಿನ ಒಬ್ಬ ಗಂಡಸು. ಕೈಯಲ್ಲಿ ಸ್ಪ್ಯಾನರ್ ಇತ್ತು.

"ನಲ್ಲಿ ಮತ್ತೆ ಸೋರ್ತಿದೆಯಾ?" ಎಂದು ನಾನು ಆತ್ಮೀಯವಾಗಿಯೇ ವಿಚಾರಿಸಿದೆ.

"ಇಲ್ಲ, ಇವತ್ತು ಸ್ಟೂಲಿನ ಕಾಲು," ಎಂದರು ಅವರು. "ಬನ್ನಿ ಬನ್ನಿ. ನಿಮ್ಮನ್ನ ಫೋಟೋದಲ್ಲಿ ನೋಡಿದ್ದೀನಿ. ನಿಮ್ಮ ಉಪಕಾರ ನಾನು ಈ ಜನ್ಮದಲ್ಲಿ ಮರೆಯಲ್ಲ."

ಪ್ಲಂಬರಿಗೆ ನಾನು ಯಾವಾಗ ಉಪಕಾರ ಮಾಡಿದೆ ಎಂದು ತಿಳಿಯದೆ ನಿಂತಿದ್ದಾಗ ಅಕ್ಕ ಒಳಗಿಂದ ಬಂದಳು. ಕೂದಲು ಇನ್ನಷ್ಟು ಬೆಳ್ಳಗಾಗಿತ್ತು. ಮುಖ ಮಾತ್ರ ಅರಳಿಕೊಂಡಿತ್ತು.

"ಬಂದ್ಯಾ ಮರಿ. ಇವರು ನಿನ್ನ ಭಾವ."

"ಯಾವ ಭಾವ?"

"ನನಗಿರೋದು ಒಬ್ಬರೇ ಕಣೋ. ಮದುವೆಯಾಗಿ ಹದಿನಾಲ್ಕು ತಿಂಗಳಾಯ್ತು."

ನಾನು ಹತ್ತಿರ ಸಿಕ್ಕಿದ ಸ್ಟೂಲಿನ ಮೇಲೆ ಕೂತೆ. ಅದು ಕಾಲು ರಿಪೇರಿಗಿದ್ದ ಸ್ಟೂಲು. ಭಾವ ನನ್ನನ್ನು ನೆಲದಿಂದ ಎತ್ತಿ, ಧೂಳು ಕೊಡವಿ, ಕುರ್ಚಿಗೆ ಸಾಗಿಸಿದರು. ಒಳ್ಳೆಯ ಮನುಷ್ಯ.

"ನನಗೆ ಒಂದು ಮಾತು ಹೇಳಲಿಲ್ಲವಲ್ಲೇ," ಎಂದೆ. ನನಗೂ ಕೋಪ ಬರಲು ಒಂದು ಅವಕಾಶ ಸಿಕ್ಕಿತಲ್ಲ ಎಂದು ಒಳಗೊಳಗೇ ಸ್ವಲ್ಪ ಸಮಾಧಾನವೂ ಆಗಿತ್ತು.

ಅಕ್ಕ ಟ್ಯಾಬ್ಲೆಟ್ ತಂದು ಮಡಿಲಲ್ಲಿಟ್ಟುಕೊಂಡು ಹುಡುಕಿ, ನನ್ನ ಕೈಗೆ ಕೊಟ್ಟಳು. ಅವಳದೇ ಪತ್ರ. "ಪ್ರೀತಿಯ ಮರೀ, ನನಗೊಬ್ಬರು ಸಿಕ್ಕಿದ್ದಾರೆ. ಈ ವಯಸ್ಸಿನಲ್ಲಿ ಮದುವೆಯಾಗಲೋ ಬೇಡವೋ ಎಂದು ತೋಚುತ್ತಿಲ್ಲ. ನಿನ್ನ ಅಭಿಪ್ರಾಯ ಬೇಕು. ನೀನು ಬೇಡ ಎಂದರೆ ಈ ವಿಚಾರವನ್ನು ಇಲ್ಲಿಗೇ ಬಿಟ್ಟುಬಿಡುತ್ತೇನೆ." ಕೆಳಗೆ ನನ್ನ ಉತ್ತರ. ಅಕ್ಕಾ, ನಿನ್ನ ಪತ್ರ ಓದಿ ಮನಸ್ಸಿಗೆ ತುಂಬಾ ಸಂತೋಷವಾಯಿತು. ಒಂದೂವರೆ ತಿಂಗಳ ನಂತರದ ಪತ್ರ: "ಈ ಗುರುವಾರ ಹನ್ನೊಂದಕ್ಕೆ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆ. ನೀವಿಬ್ಬರೂ ಬರಬೇಕು." ಅದಕ್ಕೂ ತುಂಬಾ ಸಂತೋಷವಾಯಿತು. ಹೀಗೇ ಬರೆಯುತ್ತಿರು.

"ನೀವು ಸಂತೋಷ ಅಂದ್ರಿ, ಇವಳು ಹೂಂ ಅಂದಳು," ಎಂದರು ಭಾವ. "ಇಲ್ಲದಿದ್ರೆ ನಾನು ಇವತ್ತಿಗೂ ಹೋಟೆಲಲ್ಲೇ ಊಟ ಮಾಡ್ತಿದ್ದೆ." ಹೇಳಿ, ಸ್ಟೂಲನ್ನು ಎತ್ತಿಕೊಂಡು ಬಾಲ್ಕನಿಗೆ ಹೋದರು.

ನಾನು ಎದ್ದು ಅಕ್ಕನ ಹಿಂದೆ ಅಡುಗೆಮನೆಗೆ ಹೋದೆ. ರೈಲಿನಲ್ಲಿ ಜೋಡಿಸಿಕೊಂಡ ಪೀಠಿಕೆಯೆಲ್ಲ ಮರೆತುಹೋಗಿತ್ತು.

"ಅಕ್ಕ, ಆ ಉತ್ತರ ನಾನು ಬರೆದದ್ದಲ್ಲ. ಅಂದ್ರೆ, ಹನ್ನೊಂದು ವರ್ಷದ ಹಿಂದೆ ಒಂದು ಸಲ ಬರೆದದ್ದು. ಆಮೇಲೆ ಪ್ರತಿ ವಾರ ನಾಲ್ಕನೇ ನಂಬರ್ ಒತ್ತಿದ್ದು, ಅಷ್ಟೇ. ನಿನ್ನ ಪತ್ರಗಳನ್ನ ನಾನು ಓದೇ ಇಲ್ಲ."

ಅಕ್ಕ ಲೋಟ ಒರೆಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತು."

"ಗೊತ್ತಾ?"

"ಮೂವತ್ತು ವರ್ಷ, ದಿನಕ್ಕೆ ನಾನೂರು ಸಲ 'ಲೈನ್ ಖಾಲಿಯಿಲ್ಲ, ದಯವಿಟ್ಟು ಕಾಯಿರಿ' ಅಂದವಳು ಕಣೋ ನಾನು. ಇಂಥ ಮಾತು ನನಗೆ ತಿಳಿಯಲ್ವಾ? ಉತ್ತರ ಒಂಬತ್ತಕ್ಕೆ ಸರಿಯಾಗಿ ಬರ್ತಿತ್ತು. ಮರಿ ಎದ್ದು ಕೆಲಸಕ್ಕೆ ಕೂತಿದ್ದಾನೆ, ಸದ್ಯ, ಅಂದ್ಕೋತಿದ್ದೆ." ಲೋಟವನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟಳು. "ಮದುವೆ ದಿನ ಮಾತ್ರ ಎರಡು ಸಲ ಬಾಗಿಲ ಕಡೆ ನೋಡಿದೆ. ಸುಳ್ಳು ಯಾಕೆ ಹೇಳಲಿ."

ಐವತ್ತೆರಡು ವರ್ಷದ ಗಂಡಸು, ದೂರು ವಿಭಾಗದ ಹಿರಿಯ ನೌಕರ, ಅಡುಗೆಮನೆಯ ಸಿಂಕಿನ ಪಕ್ಕ ನಿಂತು ಅತ್ತೆ. ಅಕ್ಕ ಲೋಟ ಒರೆಸುತ್ತಿದ್ದ ಬಟ್ಟೆಯನ್ನೇ ಕೈಗೆ ಕೊಟ್ಟಳು. ಮುಖ ಒರೆಸಿಕೊಂಡೆ. ಒರೆಸಿಕೊಂಡ ಮೇಲೆ ಒಂದು ಅನುಮಾನ ತಲೆಯೆತ್ತಿತು.

"ಅಲ್ಲಾ, ಗೊತ್ತಿದ್ದೂ ನನ್ನ ಅಭಿಪ್ರಾಯ ಯಾಕೆ ಕೇಳಿದೆ? ಬೇಡ ಅಂದ್ರೆ ಬಿಟ್ಟುಬಿಡ್ತೀನಿ ಅಂತ ಬೇರೆ ಬರೆದಿದ್ದೀಯ."

"ಒಬ್ಬನೇ ತಮ್ಮ, ಅವನನ್ನ ಒಂದು ಮಾತು ಕೇಳದೆ ಮದುವೆಯಾದಳು ಅಂತ ಆಗಬಾರದಲ್ಲ, ಅದಕ್ಕೆ ಕೇಳಿದೆ." ಅಕ್ಕ ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು ಹಿಂಡಿ, ಗೂಟಕ್ಕೆ ನೇತುಹಾಕಿದಳು. "ನೀನು ಕೂತು ಓದಿ, ಯೋಚನೆ ಮಾಡಿ ಉತ್ತರ ಬರೆಯೋನಾಗಿದ್ರೆ ಖಂಡಿತ ಕೇಳ್ತಿರಲಿಲ್ಲ."